ಬೊಜ್ಜು, ಕೊಬ್ಬಿನಾಮ್ಲಗಳು ಮತ್ತು ಇನ್ಸುಲಿನ್ ಸಂವೇದನೆ

ಸಿಹಿ ಪದಾರ್ಥಗಳನ್ನು ಹೆಚ್ಚಾಗಿ ಸೇವಿಸದವರಿಗೂ ಬೊಜ್ಜಿನಿಂದ ಮಧುಮೇಹ ಏಕೆ ಬರುತ್ತದೆ ಎಂಬ ಪ್ರಶ್ನೆ ಸಹಜವಾದುದು. ರಕ್ತದಲ್ಲಿ ಸಂಚರಿಸುವ ಕೊಬ್ಬಿನಾಮ್ಲಗಳು ಇದಕ್ಕೆ ಒಂದು ಮುಖ್ಯ ಕಾರಣ. ಈ ಕುರಿತ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಇನ್ಸುಲಿನ್‌ನ ಮುಖ್ಯ ಕಾರ್ಯಗಳು

1. ರಕ್ತದಲ್ಲಿರುವ ಗ್ಲೂಕೋಸ್ ಸ್ನಾಯುಗಳನ್ನು ಪ್ರವೇಶಿಸಲು ನೆರವಾಗುವುದು.
2. ಯಕೃತ್ತು ಅಗತ್ಯಕ್ಕಿಂತ ಹೆಚ್ಚು ಗ್ಲೂಕೋಸ್ ಬಿಡುಗಡೆ ಮಾಡದಂತೆ ತಡೆಯುವುದು.
3. ಶೇಖರಣೆಯಾದ ಕೊಬ್ಬು ಕರಗಿ ಕೊಬ್ಬಿನಾಮ್ಲಗಳಾಗಿ ರಕ್ತಕ್ಕೆ ಸೇರುವುದನ್ನು ನಿಯಂತ್ರಿಸುವುದು.

ಬೊಜ್ಜಿನಲ್ಲಿ ಆಗುವ ಬದಲಾವಣೆ

ಕೊಬ್ಬಿನ ಕೋಶಗಳ ಶೇಖರಣಾ ಸಾಮರ್ಥ್ಯ ಮೀರಿದಾಗ ಹೆಚ್ಚುವರಿ ಕೊಬ್ಬಿನಾಮ್ಲಗಳು ಯಕೃತ್ತು ಹಾಗೂ ಸ್ನಾಯುಗಳಲ್ಲಿ ಸಂಗ್ರಹವಾಗುತ್ತವೆ. ಅಲ್ಲಿ ಅವುಗಳಿಂದ ಉಂಟಾಗುವ ಪದಾರ್ಥಗಳು ಇನ್ಸುಲಿನ್‌ನ ಸಂಕೇತಕ್ಕೆ ಅಡ್ಡಿಪಡಿಸುತ್ತವೆ. ಆಗ ಗ್ಲೂಕೋಸ್ ರಕ್ತದಲ್ಲಿಯೇ ಉಳಿಯುತ್ತದೆ. ಕೊಬ್ಬು ಕರಗುವುದರ ಮೇಲಿನ ನಿಯಂತ್ರಣವೂ ಸಡಿಲಗೊಂಡು ಕೊಬ್ಬಿನಾಮ್ಲಗಳು ಮತ್ತಷ್ಟು ಹೆಚ್ಚುತ್ತವೆ. ಹೀಗೆ ಒಂದು ವಿಷವರ್ತುಲ ಏರ್ಪಡುತ್ತದೆ. ಕೊಬ್ಬಿನಾಮ್ಲಗಳ ಬಳಕೆ ಹೆಚ್ಚಿದಾಗ ಸ್ನಾಯುಗಳು ಗ್ಲೂಕೋಸ್ ಬಳಕೆಯನ್ನು ತಗ್ಗಿಸುತ್ತವೆ ಎಂಬುದನ್ನು ಬ್ರಿಟನ್ನಿನ ವಿಜ್ಞಾನಿ ಫಿಲಿಪ್ ರ‍್ಯಾಂಡಲ್ ಮತ್ತು ಸಹೋದ್ಯೋಗಿಗಳು 1963ರಲ್ಲಿಯೇ ವಿವರಿಸಿದ್ದರು.

ಕೆಲಕಾಲ ಮೇದೋಜೀರಕ ಗ್ರಂಥಿಯು ಹೆಚ್ಚು ಇನ್ಸುಲಿನ್ ಸ್ರವಿಸಿ ಈ ಕೊರತೆಯನ್ನು ಸರಿದೂಗಿಸುತ್ತದೆ. ಆದುದರಿಂದ ರಕ್ತಪರೀಕ್ಷೆಯಲ್ಲಿ ಸಕ್ಕರೆ ಪ್ರಮಾಣ ಸಹಜವಾಗಿದ್ದರೂ ತೊಂದರೆ ಆರಂಭವಾಗಿರಬಹುದು.

ಅಪಾಯವನ್ನು ಗುರುತಿಸುವುದು ಹೇಗೆ?

ಕೊಬ್ಬಿನಾಮ್ಲಗಳನ್ನು ಸಾಮಾನ್ಯ ತಪಾಸಣೆಯಲ್ಲಿ ಅಳೆಯುವುದಿಲ್ಲ. ಸೊಂಟದ ಸುತ್ತಳತೆಯೇ ಸುಲಭ ಸೂಚಕ. ಭಾರತೀಯ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಎಚ್ಚರಿಕೆ ವಹಿಸುವುದು ಅವಶ್ಯಕ. ನೋಡಲು ಸ್ಥೂಲಕಾಯರಲ್ಲದವರಲ್ಲಿಯೂ ಹೊಟ್ಟೆಯ ಭಾಗದ ಬೊಜ್ಜು ಇರಬಹುದು.

ಪರಿಹಾರ ಕ್ರಮಗಳು

ಈ ಸ್ಥಿತಿಯನ್ನು ಬಹುಮಟ್ಟಿಗೆ ಸುಧಾರಿಸಬಹುದು. ಶಾರೀರಿಕ ಚಟುವಟಿಕೆಯಲ್ಲಿ ತೊಡಗಿದ ಸ್ನಾಯುಗಳು ಕೊಬ್ಬಿನಾಮ್ಲಗಳನ್ನು ಬಳಸಿಕೊಳ್ಳುವುದಲ್ಲದೆ, ಇನ್ಸುಲಿನ್‌ನ ನೆರವಿಲ್ಲದೆಯೂ ಗ್ಲೂಕೋಸನ್ನು ಹೀರಿಕೊಳ್ಳಬಲ್ಲವು. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಆಹಾರ ಹಾಗೂ ವ್ಯಾಯಾಮದ ಕ್ರಮ ಪಾಲಿಸಿದವರಲ್ಲಿ ಮಧುಮೇಹದ ಅಪಾಯ ಶೇ. 28.5ರಷ್ಟು ಕಡಿಮೆಯಾಯಿತು. ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕಿನ ನಡಿಗೆ ಉತ್ತಮ ಆರಂಭ.

ತಪಾಸಣೆ

30 ವರ್ಷ ಮೇಲ್ಪಟ್ಟವರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಧುಮೇಹ ಮತ್ತು ರಕ್ತದೊತ್ತಡದ ಉಚಿತ ತಪಾಸಣೆ ಮಾಡಿಸಿಕೊಳ್ಳಬಹುದು. ಔಷಧ ಸೇವಿಸುತ್ತಿರುವವರು ವೈದ್ಯರ ಸಲಹೆಯಿಲ್ಲದೆ ಅದನ್ನು ನಿಲ್ಲಿಸಬಾರದು.