ಕಾರ್ಬ್ಯುರೇಟರ್ ಸ್ಪೇಸರ್: ಚಿಕ್ಕ ಬಿಡಿಭಾಗ, ದೊಡ್ಡ ಹೊಣೆ

ನಂಜನಗೂಡು ತಾಲ್ಲೂಕಿನ ಹೆಡತಲೆಯಂತಹ ಊರಿನಿಂದ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹಳೆಯ ಯೆಜ್ಡಿ ಬೈಕೊಂದು ಪೇಟೆಗೆ ಬಂದಿತೆಂದು ಭಾವಿಸೋಣ. ಅಂಗಡಿಯ ಮುಂದೆ ಹತ್ತು ನಿಮಿಷ ನಿಲ್ಲಿಸಿ ಮರಳಿ ಕಿಕ್ ಹೊಡೆದರೆ ಎಂಜಿನ್ ಹತ್ತದು. ನೆರಳಿಗೆ ತಳ್ಳಿ ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಇಂತಹ ಗ್ರಾಹಕನಿಗೆ ‘ಸ್ಪೇಸರ್ ಹಾಕಿಸಿ, ಪಿಕಪ್ಪೂ ಹೆಚ್ಚುತ್ತದೆ’ ಎಂಬ ಸಲಹೆ ಸುಲಭವಾಗಿ ದೊರೆಯುತ್ತದೆ. ಈ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಅದನ್ನು ತಯಾರಿಸುವವರೂ ಮಾರುವವರೂ ಮೊದಲು ಅರಿತಿರಬೇಕು.

ಮೈಸೂರಿಗೆ ಈ ವಿಷಯ ಹೊಸದಲ್ಲ. 1960ರಲ್ಲಿ ಸ್ಥಾಪನೆಗೊಂಡ ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ತಯಾರಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಆ ಬೈಕುಗಳು ಮಾತ್ರ ಇಂದಿಗೂ ಓಡುತ್ತಿವೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ನಂತರ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರಿನ ಸ್ಥಾನವನ್ನು ಇಂಧನ ಇಂಜೆಕ್ಷನ್ ಆಕ್ರಮಿಸಿದೆ. ಆದ್ದರಿಂದ ಸ್ಪೇಸರಿನ ಮಾರುಕಟ್ಟೆ ಬೆಳೆಯುವಂಥದ್ದಲ್ಲ. ಹಳೆಯ ವಾಹನಗಳನ್ನು ನಂಬಿಕೊಂಡಿರುವ ಸೀಮಿತ ಮಾರುಕಟ್ಟೆ.

ಸ್ಪೇಸರ್ ಮಾಡುವ ಕೆಲಸ

ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವೆ ಕೂರುವ ದಪ್ಪ ಬಿಲ್ಲೆಯೇ ಸ್ಪೇಸರ್. ಇದರ ಕೆಲಸ ಎರಡು ಬಗೆಯದು. ಮೊದಲನೆಯದು ಶಾಖ ತಡೆ. ಸಿಲಿಂಡರಿನ ಕಾವು ಕಾರ್ಬ್ಯುರೇಟರಿಗೆ ಹರಿದರೆ ಅದರ ಬಟ್ಟಲಿನಲ್ಲಿರುವ ಪೆಟ್ರೋಲ್ ಆವಿಯಾಗತೊಡಗುತ್ತದೆ. ಬಿಸಿ ಎಂಜಿನ್ ಹತ್ತದಿರಲು ಇದೂ ಒಂದು ಕಾರಣ. ಬೇಕಲೈಟ್ ಶಾಖವನ್ನು ಅಲ್ಯೂಮಿನಿಯಮ್ಮಿಗಿಂತ ನೂರಾರು ಪಟ್ಟು ಕಡಿಮೆ ಸಾಗಿಸುತ್ತದೆ. ಜಾವಾ ಬೈಕಿನಲ್ಲಿ ಕಾರ್ಖಾನೆಯೇ ಇಂತಹ ಬಿಲ್ಲೆಯನ್ನು ಅಳವಡಿಸುತ್ತಿದ್ದುದು ಈ ಉದ್ದೇಶದಿಂದಲೇ. ನೋಡಲು ಹೊಳೆಯುವ ಅಲ್ಯೂಮಿನಿಯಂ ಸ್ಪೇಸರ್ ಎತ್ತರ ನೀಡಬಲ್ಲುದೇ ಹೊರತು ಕಾವನ್ನು ತಡೆಯಲಾರದು.

ಎರಡನೆಯದು ಗಾಳಿಯ ದಾರಿಯ ಉದ್ದ. ದಾರಿ ಉದ್ದವಾದಂತೆ ಎಂಜಿನ್ನಿನ ಎಳೆತ ಸಾಮಾನ್ಯವಾಗಿ ಕೆಳವೇಗದ ಕಡೆಗೆ ಸರಿಯುತ್ತದೆ. ಒಂದು ಕಡೆ ಗಳಿಸಿದ್ದನ್ನು ಮತ್ತೊಂದು ಕಡೆ ಬಿಟ್ಟುಕೊಡಬೇಕಾಗುತ್ತದೆ. ಅಮೆರಿಕದ ಎಂಟು ಸಿಲಿಂಡರಿನ ಕಾರುಗಳಲ್ಲಿ ನಾಲ್ಕು ರಂಧ್ರದ ಸ್ಪೇಸರನ್ನು ಕೆಳ ಮತ್ತು ನಡುವೇಗಕ್ಕೂ, ತೆರೆದ ಸ್ಪೇಸರನ್ನು ಮೇಲುವೇಗಕ್ಕೂ ಆರಿಸಿಕೊಳ್ಳುತ್ತಾರೆ. ಒಂದೇ ಗಂಟಲಿನ ಕಾರ್ಬ್ಯುರೇಟರುಳ್ಳ ನಮ್ಮ ಬೈಕುಗಳಿಗೆ ಆ ಲೆಕ್ಕಾಚಾರ ಹಾಗೆಯೇ ಹೊಂದುವುದಿಲ್ಲ. ಇಲ್ಲಿ ಮುಖ್ಯವಾದುದು ಸ್ಪೇಸರಿನ ರಂಧ್ರ ಎರಡೂ ಬದಿಯ ರಂಧ್ರಗಳಿಗೆ ಮೆಟ್ಟಿಲಿಲ್ಲದಂತೆ ಕೂಡಿಕೊಳ್ಳುವುದು.

ಗಳಿಕೆ ಎಷ್ಟು? ಎಂಜಿನ್ ಸೇರುವ ಗಾಳಿ 50 ಡಿಗ್ರಿ ಸೆಲ್ಸಿಯಸ್ಸಿನಿಂದ 40ಕ್ಕೆ ಇಳಿದರೆ ಅದರ ಸಾಂದ್ರತೆ ಸುಮಾರು ಶೇ. 3ರಷ್ಟು ಹೆಚ್ಚುತ್ತದೆ. ಒಂದು ಬಿಲ್ಲೆಯಿಂದ ಅಷ್ಟು ತಾಪ ಇಳಿಯುವುದೂ ಅಪರೂಪ. ಕಾಯಿಲ್ ಅಥವಾ ಕಂಡೆನ್ಸರ್ ಬಿಸಿಯಾಗಿ ಕೈಕೊಡುತ್ತಿದ್ದರೆ ಸ್ಪೇಸರಿನಿಂದ ಯಾವ ಉಪಯೋಗವೂ ಇಲ್ಲ. ಆದುದರಿಂದ ಮೊದಲು ಕಿಡಿ ಪರೀಕ್ಷೆ, ಆಮೇಲೆ ಸ್ಪೇಸರಿನ ಮಾತು.

ಅಪಾಯ ಎಲ್ಲಿದೆ?

ಮುಖ ಸಮತಟ್ಟಾಗಿರದಿದ್ದರೆ, ಎರಡೂ ಬದಿಗೆ ಸರಿಯಾದ ಪ್ಯಾಕಿಂಗ್ ಇರದಿದ್ದರೆ ಅಥವಾ ಹಳೆಯ ಸ್ಟಡ್ಡಿನ ಉದ್ದ ಸಾಲದೆ ನಟ್ಟು ಎರಡೇ ಸುತ್ತು ಹಿಡಿದಿದ್ದರೆ ಸಂದಿನಿಂದ ಹೊರಗಾಳಿ ನುಗ್ಗುತ್ತದೆ. ಪೆಟ್ರೋಲಿಗಿಂತ ಗಾಳಿಯ ಪ್ರಮಾಣ ಹೆಚ್ಚಾಗಿ ಎಂಜಿನ್ ಅತಿಯಾಗಿ ಕಾಯುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಇದರ ಕೊನೆ ಪಿಸ್ಟನ್ ಜಾಮ್. 2025ರ ಹೊತ್ತಿಗೆ ದೇಶದಾದ್ಯಂತ ಬಳಕೆಗೆ ಬಂದ ಶೇ. 20ರ ಎಥನಾಲ್ ಮಿಶ್ರಿತ ಪೆಟ್ರೋಲ್ ಹಳೆಯ ಕಾರ್ಬ್ಯುರೇಟರಿನ ಮಿಶ್ರಣವನ್ನು ಮೊದಲೇ ಸ್ವಲ್ಪ ತೆಳುವಾಗಿಸುತ್ತದೆ. ಹಳೆಯ ಬಗೆಯ ರಬ್ಬರನ್ನೂ ಕೆಡಿಸಬಲ್ಲುದು. ಇದರ ಮೇಲೆ ಗಾಳಿ ಸೋರಿಕೆಯೂ ಸೇರಿದರೆ ಅಪಾಯ ಇಮ್ಮಡಿಸುತ್ತದೆ. ಆದಕಾರಣ ಪೆಟ್ರೋಲ್ ಮತ್ತು ಎಥನಾಲ್ ಎರಡನ್ನೂ ತಾಳುವ ಪ್ಯಾಕಿಂಗ್ ಹಾಗೂ ಉದ್ದನೆಯ ಸ್ಟಡ್ಡುಗಳನ್ನು ಸ್ಪೇಸರಿನೊಡನೆಯೇ ಒದಗಿಸುವುದು ಉಚಿತ. ಅಳವಡಿಸಿದ ಮೇಲೆ ಐಡ್ಲಿಂಗ್ ಏರಿಳಿಯುತ್ತಿದೆಯೇ, ಸ್ಪಾರ್ಕ್ ಪ್ಲಗ್ ಬೆಳ್ಳಗಾಗಿದೆಯೇ ಎಂಬುದನ್ನು ನೋಡದೆ ವಾಹನವನ್ನು ಕಳುಹಿಸಬಾರದು.

ಲೆಕ್ಕದ ಪುಸ್ತಕದಲ್ಲಿ

ಬೇಕಲೈಟ್ ಹಾಳೆ, ಡ್ರಿಲ್ ಮತ್ತು ಲೇತ್ ಇದ್ದರೆ ಸ್ಪೇಸರ್ ತಯಾರಿಸಬಹುದು. ಬಂಡವಾಳ ಅಲ್ಪವಾದುದರಿಂದಲೇ ವೆಚ್ಚವನ್ನು ಬರೆದಿಡದೆ ಬೆಲೆ ಹೇಳುವ ಅಭ್ಯಾಸ ಬೆಳೆಯುತ್ತದೆ. ಉದಾಹರಣೆಗೆ, ಜಿಗ್ ಮಾಡಿಸಲು 3,000 ರೂ. ತಗುಲಿತೆನ್ನೋಣ. 300 ಬಿಲ್ಲೆಗಳು ಮಾರಾಟವಾದರೆ ಪ್ರತಿಯೊಂದಕ್ಕೆ 10 ರೂ.; 30 ಮಾತ್ರ ಮಾರಾಟವಾದರೆ 100 ರೂ. ಬೇಡಿಕೆ ಸೀಮಿತವಾಗಿರುವಾಗ ಎರಡನೆಯ ಲೆಕ್ಕವನ್ನೇ ಹಿಡಿಯುವುದು ಕ್ಷೇಮ. ವರ್ಷಾಂತ್ಯದಲ್ಲಿ ಉಳಿದ ದಾಸ್ತಾನನ್ನು ವೆಚ್ಚ ಅಥವಾ ಮಾರಾಟದಿಂದ ನಿಜಕ್ಕೂ ದೊರೆಯಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸತಕ್ಕದ್ದು.

ಇನ್ನೊಂದು ಲೆಕ್ಕವೂ ಉಂಟು. ಬಿಲ್ಲೆಯೊಂದಕ್ಕೆ ಲಾಭ 60 ರೂ. ಎಂದೂ, ಜಾಮ್ ಆದ ಒಂದು ಎಂಜಿನ್ನಿನ ದುರಸ್ತಿಗೆ ಕೊಡಬೇಕಾದ ಪರಿಹಾರ 3,000 ರೂ. ಎಂದೂ ಇಟ್ಟುಕೊಂಡರೆ, ಒಂದು ದೂರು 50 ಬಿಲ್ಲೆಗಳ ಲಾಭವನ್ನು ನುಂಗುತ್ತದೆ. ಊರಿನಲ್ಲಿ ಹಬ್ಬುವ ಅಪಕೀರ್ತಿಗೆ ಲೆಕ್ಕವೇ ಇಲ್ಲ.

ತೆರಿಗೆಯ ವಿಷಯದಲ್ಲಿ, ಅದುವರೆಗೆ ಶೇ. 28ರ ಜಿಎಸ್‌ಟಿ ದರದಲ್ಲಿದ್ದ ವಾಹನ ಬಿಡಿಭಾಗಗಳು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿವೆ. ಹಳೆಯ ಬೆಲೆಪಟ್ಟಿಯನ್ನೇ ಇಟ್ಟುಕೊಂಡಿರುವವರು ಅದನ್ನು ತಿದ್ದಿಕೊಳ್ಳಬೇಕು.

ಕಾನೂನಿನ ದೃಷ್ಟಿಯಿಂದಲೂ ಎಚ್ಚರ ಅಗತ್ಯ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಾಹನವು ವ್ಯತ್ಯಾಸವಾಗುವಂತೆ ಬದಲಾಯಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೇ ಕಲಮು ನಿರ್ಬಂಧಿಸುತ್ತದೆ. ಸವೆದ ಬಿಲ್ಲೆಗೆ ಬದಲಾಗಿ ಅದೇ ಅಳತೆಯದನ್ನು ಕೂರಿಸುವುದು ದುರಸ್ತಿ. ಶಕ್ತಿ ಹೆಚ್ಚಿಸುವ ಭರವಸೆಯಿತ್ತು ಎಂಜಿನ್ನನ್ನು ಮಾರ್ಪಡಿಸುವುದು ಬೇರೆಯೇ ಮಾತು. ಬಿಲ್ಲಿನಲ್ಲಿ ಬಿಡಿಭಾಗದ ಹೆಸರು, ದಪ್ಪ ಮತ್ತು ಹೊಂದುವ ಮಾದರಿಯನ್ನು ಸ್ಪಷ್ಟವಾಗಿ ನಮೂದಿಸಿದರೆ ಮುಂದಿನ ವಿವಾದಕ್ಕೆ ಎಡೆಯಿರುವುದಿಲ್ಲ.

ನಂಜನಗೂಡಿನ ದೊಡ್ಡ ಜಾತ್ರೆಯ ಜನಸಂದಣಿಯಲ್ಲಿ ಆಮೆಯಂತೆ ಸಾಗಿ, ನಿಂತು, ಮತ್ತೆ ಒಂದೇ ಕಿಕ್ಕಿಗೆ ಹೊರಡುವ ಹಳೆಯ ಬೈಕಿಗಿಂತ ಹೆಚ್ಚಿನ ಜಾಹೀರಾತು ಈ ಬಿಲ್ಲೆಗೆ ಬೇಕಿಲ್ಲ. ‘ಕಾವು ತಡೆಯುತ್ತದೆ’ ಎಂದು ಹೇಳಿ ಮಾರಿದ ವರ್ತಕನ ಬಳಿಗೆ ಗ್ರಾಹಕ ಮತ್ತೆ ಬರುತ್ತಾನೆ; ‘ಬೈಕು ಹಾರುತ್ತದೆ’ ಎಂದು ಹೇಳಿ ಮಾರಿದವನ ಬಳಿಗೂ ಬರುತ್ತಾನೆ, ಆದರೆ ದೂರು ಹೊತ್ತು.