ವೆರಿ ಬಿಡಿ, ವರ್ಬ್ ಹಿಡಿ

ಯಲಹಂಕ ವಾಯುನೆಲೆಯಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುತ್ತಿದೆ. ಅದು ಶುರುವಾಯಿತೆಂದರೆ ಸುತ್ತಲಿನ ಮನೆಗಳ ತಾರಸಿಗಳಲ್ಲಿ ಮಕ್ಕಳ ಜಾತ್ರೆ. ಕಂಡದ್ದನ್ನು ಕನ್ನಡದಲ್ಲಿ ಹೇಳು ಅಂದರೆ ಹುಡುಗ ಒಂದೇ ಉಸಿರಿಗೆ ಹೇಳುತ್ತಾನೆ: 'ಸೊಂಯ್ಯಂತ ಬಂತು, ಗಿರಕಿ ಹೊಡೀತು, ಲಾಗ ಹಾಕ್ತು, ಹದ್ದಿನ ಥರ ಎರಗಿತು.' ಇಂಗ್ಲಿಷಿನಲ್ಲಿ ಹೇಳು ಅಂದರೆ? 'ಪ್ಲೇನ್ ವೆಂಟ್ ಅಪ್, ದೆನ್ ವೆಂಟ್ ಡೌನ್, ವೆರಿ ಫಾಸ್ಟ್.' ಮುಗಿಯಿತು.

ಗಿರಕಿಗೆ ರೋಲ್, ಲಾಗಕ್ಕೆ ಲೂಪ್, ಎರಗುವುದಕ್ಕೆ ಸ್ವೂಪ್, ಹೆಲಿಕಾಪ್ಟರ್ ನಿಂತಲ್ಲೇ ತೇಲಿದರೆ ಹೋವರ್. ಈ ನಾಲ್ಕು ಕ್ರಿಯಾಪದ ಗೊತ್ತಿದ್ದರೆ ಅವನಿಗೆ 'ವೆರಿ'ಯ ಹಂಗೇ ಇರುತ್ತಿರಲಿಲ್ಲ. ನಮ್ಮ ಸ್ಪೋಕನ್ ಇಂಗ್ಲಿಷ್ ಪುಸ್ತಕಗಳು ನಾಮಪದ, ಗುಣವಾಚಕಗಳನ್ನು ಪುಟಗಟ್ಟಲೆ ಉರುಹೊಡೆಸುತ್ತವೆ. ಕ್ರಿಯಾಪದದ ಸರದಿ ಬಂದಾಗ ಗೋ-ವೆಂಟ್-ಗಾನ್ ಎಂಬ ಕೋಷ್ಟಕ ಕೊಟ್ಟು ಕೈತೊಳೆದುಕೊಳ್ಳುತ್ತವೆ.

ಇದರಲ್ಲಿ ಭಾಷೆಯ ಜಾಯಮಾನದ್ದೂ ಪಾತ್ರವಿದೆ. ಕನ್ನಡದಲ್ಲಿ ನಡಿಗೆಯ ಬಗೆಯನ್ನು ಬಹುಪಾಲು ಅನುಕರಣಾವ್ಯಯಗಳೇ ಹೊರುತ್ತವೆ: ಸರಸರ ನಡೆದ, ದಡಬಡ ಓಡಿದ. ಇಂಗ್ಲಿಷ್ ಆ ಬಗೆಯನ್ನು ಕ್ರಿಯಾಪದದೊಳಗೇ ತುಂಬಿಡುತ್ತದೆ. ಕಾಲೆಳೆದುಕೊಂಡು ನಡೆದರೆ ಟ್ರಜ್, ಅಡ್ಡಾಡಿದರೆ ಸ್ಟ್ರೋಲ್, ತುದಿಗಾಲಲ್ಲಿ ಹೋದರೆ ಟಿಪ್‌ಟೋ. ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ 1985ರಲ್ಲಿ ಭಾಷೆಗಳ ಇಂಥ ವ್ಯತ್ಯಾಸವನ್ನು ವಿವರವಾಗಿ ಬರೆದ. 'ಓಡುತ್ತಾ ಒಳಗೆ ಬಂದ' ಅನ್ನುವವರು ನಾವು. 'ಹಿ ರ‍್ಯಾನ್ ಇನ್' ಅನ್ನುವವರು ಅವರು. ಹಾಗಾಗಿ ನಮ್ಮವರು 'ಸರಸರ'ವನ್ನು ಅನುವಾದಿಸಲು ಹೊರಟು 'ವೆರಿ ಫಾಸ್ಟ್'ಗೆ ಬಂದು ನಿಲ್ಲುತ್ತಾರೆ.

ಹಾಗೆಂದು ಎಲ್ಲ ಕಡೆ ಈ ತೊಡಕಿಲ್ಲ. ನೋಟದ ವಿಷಯಕ್ಕೆ ಬಂದರೆ ಕನ್ನಡವೇನೂ ಬಡವಿಯಲ್ಲ. ಇಣುಕು ಅಂದರೆ ಪೀಪ್, ದಿಟ್ಟಿಸು ಅಂದರೆ ಸ್ಟೇರ್, ದುರುಗುಟ್ಟು ಅಂದರೆ ಗ್ಲೇರ್. ಮಕ್ಕಳಿಗೆ ಈ ಜೋಡಿಗಳಿಂದಲೇ ಆರಂಭಿಸುವುದು ಜಾಣತನ. ಮನೆಮಾತನ್ನು ತರಗತಿಯಿಂದ ಹೊರಗಟ್ಟುವ ಶಾಲೆಗಳು ಈ ಸುಲಭದ ದಾರಿಯನ್ನು ತಾವೇ ಮುಚ್ಚಿಕೊಳ್ಳುತ್ತಿವೆ ಎಂಬುದು ನನ್ನ ತಕರಾರು.

ಇನ್ನು ಅಭ್ಯಾಸಕ್ಕೆ ಜಾಗ ಬೇಕೆ? ಬೆಳಗಿನ ಹೊತ್ತು ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋಗಿ. ಹಮಾಲಿ ಈರುಳ್ಳಿ ಮೂಟೆಗೆ ಕೊಕ್ಕೆ ಸಿಕ್ಕಿಸುತ್ತಾನೆ, ಹುಕ್. ಲಾರಿಯ ಅಂಚಿಗೆ ಎಳೆಯುತ್ತಾನೆ, ಡ್ರ್ಯಾಗ್. ದಮ್ಮು ಕಟ್ಟಿ ಬೆನ್ನಿಗೇರಿಸುತ್ತಾನೆ, ಹೀವ್. ಭಾರಕ್ಕೆ ತುಸು ತೂರಾಡಿದರೆ ಸ್ಟ್ಯಾಗರ್, ಮಂಡಿಯಲ್ಲಿ ದೊಪ್ಪನೆ ಕೆಡವಿದರೆ ಡಂಪ್. ಎರಡು ನಿಮಿಷದ ಕೆಲಸದಲ್ಲಿ ಐದು ಪದ, ಅದೂ ಕಣ್ಣೆದುರಿಗೆ. ಆ ಹಮಾಲಿಯ ದುಡಿಮೆ ಎಂಥದ್ದೆಂಬುದನ್ನೂ ಮಕ್ಕಳು ಜೊತೆಗೇ ನೋಡಲಿ.

ಮಾಡುತ್ತಾ ಕಲಿಯುವ ಈ ದಾರಿ ಬೆಂಗಳೂರಿಗೆ ಹೊಸದಲ್ಲ. ಇಲ್ಲಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣದ ಪಾಠವನ್ನು ಬದಿಗಿಟ್ಟು ಮಕ್ಕಳ ಕೈಗೆ ರೈಲು ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು ಲೆಕ್ಕ ಹಾಕಿಸಿದರು. ಲೆಕ್ಕದ ಕಡೆಗೆ ಗಮನವಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ವಾದ. ಜಗತ್ತಿನಾದ್ಯಂತ ಇಂಗ್ಲಿಷ್ ಅಧ್ಯಾಪಕರು ಇಂದಿಗೂ ಇದನ್ನು 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂಬ ಹೆಸರಿನಲ್ಲೇ ಓದುತ್ತಾರೆ. 1987ರಲ್ಲಿ ಪ್ರಭು ಅದರ ಕುರಿತು ಪುಸ್ತಕವನ್ನೂ ಬರೆದರು. ಅದು ನಡೆದ ಊರಿನಲ್ಲೇ ಅದನ್ನು ಬಲ್ಲವರು ಕಡಿಮೆ.

ಒಂದು ಎಚ್ಚರಿಕೆ. ಹೊಸ ಕ್ರಿಯಾಪದ ಸಿಕ್ಕ ಹುರುಪಿನಲ್ಲಿ ಕಂಡಕಂಡಲ್ಲಿ ಸುರಿಯಬಾರದು. ಹೆಬ್ಬಾಳದ ಟೆಕ್ ಪಾರ್ಕಿನ ಕಚೇರಿಗೆ ಬರೆಯುವ ಇಮೇಲಿನಲ್ಲಿ ಮ್ಯಾನೇಜರ್ 'ಥಂಡರ್ಡ್' ಆಗಬೇಕಿಲ್ಲ, 'ಸೆಡ್' ಸಾಕು. ಕಥೆಯಲ್ಲಾದರೆ ಬೇರೆ ಮಾತು.

ಆರ್.ಟಿ. ನಗರದಲ್ಲೋ ಯಲಹಂಕ ನ್ಯೂಟೌನಿನಲ್ಲೋ ಸ್ಪೋಕನ್ ಇಂಗ್ಲಿಷ್ ತರಗತಿಗೆ ಮಕ್ಕಳನ್ನು ಸೇರಿಸುವ ಮುನ್ನ ಒಂದು ದಿನ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ಮಕ್ಕಳು ಎದ್ದು, ನಡೆದು, ಎತ್ತಿ, ಇಳಿಸಿ, ಮಾಡಿದ್ದನ್ನು ಹೇಳುತ್ತಿದ್ದರೆ ಫೀಸು ಕಟ್ಟಿ. ಇಡೀ ಗಂಟೆ ಪಟ್ಟಿ ಬರೆದುಕೊಳ್ಳುತ್ತಿದ್ದರೆ ಆ ದುಡ್ಡಿಗೆ ನಾಲ್ಕು ಒಳ್ಳೆಯ ಕಥೆಪುಸ್ತಕ ಕೊಡಿಸಿ.