ಪಿಯೆಮೊಂಟೆಯ ವೈನ್ ಮತ್ತು ಸಾಂಪ್ರದಾಯಿಕ ಅಡುಗೆ: ಬಾರ್ಬರೆಸ್ಕೊ ಬೆಳೆಗಾರರು ಹೆಸರು ಗಳಿಸಿದ ಬಗೆ

ಇಟಲಿಯ ವಾಯವ್ಯ ಭಾಗದಲ್ಲಿ, ಆಲ್ಪ್ಸ್ ಪರ್ವತಗಳ ಬುಡದಲ್ಲಿರುವ ಪಿಯೆಮೊಂಟೆ ಪ್ರಾಂತ್ಯವು ವೈನ್ ದ್ರಾಕ್ಷಿ, ಭತ್ತ, ಹೇಝಲ್‌ನಟ್ ಹಾಗೂ ಪಶುಸಂಗೋಪನೆಗೆ ಹೆಸರಾಗಿದೆ. ಇಲ್ಲಿನ ಲಾಂಗೆ ಗುಡ್ಡಗಳ ಬರೋಲೊ ಮತ್ತು ಬಾರ್ಬರೆಸ್ಕೊ ವೈನ್‌ಗಳು ವಿಶ್ವಪ್ರಸಿದ್ಧ. ಎರಡಕ್ಕೂ ಬಳಸುವ ತಳಿ ನೆಬ್ಬಿಯೊಲೊ ಒಂದೇ. ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಬರೋಲೊ ಹೆಸರಿಗೆ ಮಾತ್ರ ಬೆಲೆಯಿತ್ತು. ಬಾರ್ಬರೆಸ್ಕೊ ಗ್ರಾಮದ ದ್ರಾಕ್ಷಿಯು ಬರೋಲೊ ತಯಾರಕರ ಪಾಲಾಗುತ್ತಿತ್ತು, ಇಲ್ಲವೆ ಕೇವಲ ನೆಬ್ಬಿಯೊಲೊ ಎಂದು ಮಾರಾಟವಾಗುತ್ತಿತ್ತು. ಈ ಸ್ಥಿತಿ ಬದಲಾದ ಬಗೆಯು ಸಣ್ಣ ಹಿಡುವಳಿದಾರರಿಗೆ ಉಪಯುಕ್ತ ಪಾಠವಾಗಿದೆ.

ಇಳಿಜಾರಿಗೆ ತಕ್ಕ ಬೆಳೆ

ನೆಬ್ಬಿಯೊಲೊ ಬೇಗ ಚಿಗುರಿ ತಡವಾಗಿ, ಸಾಮಾನ್ಯವಾಗಿ ಅಕ್ಟೋಬರ್ ತಿಂಗಳಲ್ಲಿ, ಮಾಗುವ ತಳಿ. ಆದ್ದರಿಂದ ಹೆಚ್ಚು ಬಿಸಿಲು ಬೀಳುವ ದಕ್ಷಿಣ ಮತ್ತು ನೈಋತ್ಯಾಭಿಮುಖ ಇಳಿಜಾರುಗಳನ್ನು ಇದಕ್ಕೆ ಮೀಸಲಿಡುತ್ತಾರೆ. ಮಣ್ಣು ಸುಣ್ಣದ ಅಂಶವುಳ್ಳ ಜೇಡಿಮಣ್ಣು. ಅಷ್ಟು ಬಿಸಿಲು ದೊರೆಯದ ಜಾಗಗಳಿಗೆ ಬೇಗ ಮಾಗುವ ಡೊಲ್ಚೆಟ್ಟೊ ಹಾಗೂ ಹುಳಿ ಅಂಶ ಹೆಚ್ಚಿರುವ ಬಾರ್ಬೆರಾ ತಳಿಗಳನ್ನು ಆರಿಸುತ್ತಾರೆ. ಬಳ್ಳಿಗೆ ಒಗ್ಗದ ಎತ್ತರದ ಮತ್ತು ಉತ್ತರಾಭಿಮುಖ ಭೂಮಿಯಲ್ಲಿ ಹೇಝಲ್‌ನಟ್ ಬೆಳೆಯುತ್ತಾರೆ. ಹೀಗೆ ಒಂದೇ ಗುಡ್ಡದ ಪ್ರತಿಯೊಂದು ಮಗ್ಗುಲಿಗೂ ಅದರದೇ ಬೆಳೆಯಿದೆ.

ಸಹಕಾರದಿಂದ ಬಂದ ಹೆಸರು

ಆಲ್ಬಾ ಪಟ್ಟಣದ ವೈನ್ ತಯಾರಿಕಾ ಶಾಲೆಯ ಮುಖ್ಯಸ್ಥರಾಗಿದ್ದ ದೊಮಿಜಿಯೊ ಕವಾಜ್ಜಾ ಅವರು 1894ರಲ್ಲಿ ಬಾರ್ಬರೆಸ್ಕೊದ ಒಂಬತ್ತು ಬೆಳೆಗಾರರನ್ನು ಒಗ್ಗೂಡಿಸಿ ಸಹಕಾರಿ ವೈನ್ ಘಟಕವನ್ನು ಸ್ಥಾಪಿಸಿದರು. ಕೃಷಿ ಶಿಕ್ಷಕರೊಬ್ಬರ ಈ ಪ್ರಯತ್ನದಿಂದ ಊರಿನ ವೈನ್ ಊರಿನ ಹೆಸರಿನಲ್ಲೇ ಮಾರುಕಟ್ಟೆಗೆ ಬಂದಿತು. 1920ರ ದಶಕದಲ್ಲಿ ಘಟಕವು ಮುಚ್ಚಿಹೋಯಿತು. 1958ರಲ್ಲಿ ಗ್ರಾಮದ ಪಾದ್ರಿಯವರ ಮುಂದಾಳತ್ವದಲ್ಲಿ 19 ಬೆಳೆಗಾರರು ಅದನ್ನು ಮತ್ತೆ ಕಟ್ಟಿದರು. ಈಗ ಸುಮಾರು 50 ಕುಟುಂಬಗಳು ಇದರ ಸದಸ್ಯರಾಗಿವೆ. ತೋಟ ಆಯಾ ಕುಟುಂಬದ್ದು. ಆದರೆ ಸದಸ್ಯರು ತಮ್ಮ ನೆಬ್ಬಿಯೊಲೊ ಫಸಲನ್ನೆಲ್ಲ ಸಂಘಕ್ಕೇ ಒಪ್ಪಿಸಬೇಕು. ಬೆಲೆಯನ್ನು ಹಣ್ಣಿನ ಗುಣಮಟ್ಟದ ಮೇಲೆ ನಿರ್ಧರಿಸಲಾಗುತ್ತದೆ. ಉತ್ತಮ ವರ್ಷಗಳಲ್ಲಿ ಆಯ್ದ ಒಂಬತ್ತು ತೋಟ ಪ್ರದೇಶಗಳ ವೈನನ್ನು ಪ್ರತ್ಯೇಕವಾಗಿ ಬಾಟಲಿಗೆ ತುಂಬುತ್ತಾರೆ. ಹಣ್ಣು ಅಷ್ಟು ಉತ್ತಮವಾಗಿರದ ವರ್ಷಗಳಲ್ಲಿ ಎಲ್ಲವನ್ನೂ ಬೆರೆಸಿ ಒಂದೇ ವೈನ್ ಮಾಡುತ್ತಾರೆ. ಇದರಿಂದ ಹೆಸರಿಗೆ ಕುಂದು ಬರುವುದಿಲ್ಲ.

ಹೆಸರನ್ನು ಕಾಯುವ ನಿಯಮಗಳು

1980ರಲ್ಲಿ ಬರೋಲೊ ಮತ್ತು ಬಾರ್ಬರೆಸ್ಕೊ ವೈನ್‌ಗಳಿಗೆ ಇಟಲಿಯ ಅತ್ಯುನ್ನತ ಮೂಲಸ್ಥಳ ಮಾನ್ಯತೆ ದೊರೆಯಿತು. ನಿಯಮದಂತೆ ಇವುಗಳಲ್ಲಿ ಶೇ. 100ರಷ್ಟು ನೆಬ್ಬಿಯೊಲೊ ಇರಬೇಕು, ಹಣ್ಣು ಗೊತ್ತುಪಡಿಸಿದ ಗಡಿಯೊಳಗೇ ಬೆಳೆದಿರಬೇಕು. ಇಳುವರಿಯ ಗರಿಷ್ಠ ಮಿತಿ ಹೆಕ್ಟೇರಿಗೆ 8 ಟನ್. ಬಾರ್ಬರೆಸ್ಕೊ ಕನಿಷ್ಠ 26 ತಿಂಗಳು, ಬರೋಲೊ 38 ತಿಂಗಳು ಹದಗೊಂಡ ನಂತರವೇ ಮಾರಾಟಕ್ಕೆ ಬರಬೇಕು. ಇಳುವರಿಯಲ್ಲಿ ಬಿಟ್ಟುಕೊಟ್ಟದ್ದನ್ನು ಬೆಳೆಗಾರರು ಬೆಲೆಯಲ್ಲಿ ಪಡೆಯುತ್ತಾರೆ.

ಅದೇ ನೆಲದ ಅಡುಗೆ

ಎಳೆಯ ನೆಬ್ಬಿಯೊಲೊ ವೈನಿನ ರುಚಿ ಒಗರು. ಕೊಬ್ಬು ಮತ್ತು ಪ್ರೋಟೀನ್ ಹೆಚ್ಚಿರುವ ಆಹಾರದೊಡನೆ ಆ ಒಗರು ಮೃದುವಾಗುತ್ತದೆ. ಆದ್ದರಿಂದಲೇ ಬರೋಲೊದಲ್ಲಿ ನಿಧಾನವಾಗಿ ಬೇಯಿಸಿದ ಗೋಮಾಂಸ, ಹುರಿದ ಮಾಂಸವನ್ನು ತುಂಬಿದ ಪುಟ್ಟ ಆನ್ಯೊಲೊತ್ತಿ, ಮೊಟ್ಟೆಯ ಹಳದಿ ಭಾಗವನ್ನು ಧಾರಾಳವಾಗಿ ಬೆರೆಸಿದ ಶಾವಿಗೆಯಂತಹ ತಯರಿನ್ ಇಲ್ಲಿನ ಮುಖ್ಯ ತಿನಿಸುಗಳು. ಸುಗ್ಗಿ ಮುಗಿದ ಚಳಿಗಾಲದಲ್ಲಿ ಬೆಳ್ಳುಳ್ಳಿ, ಆಂಚೊವಿ ಮೀನು ಮತ್ತು ಎಣ್ಣೆಯಿಂದ ಮಾಡಿದ ಬಿಸಿ ಬಾನ್ಯಾ ಕಾವ್ಡಾದಲ್ಲಿ ತರಕಾರಿಗಳನ್ನು ಅದ್ದಿ, ಎಲ್ಲರೂ ಕೂಡಿ ತಿನ್ನುತ್ತಾರೆ. ಪಿಯೆಮೊಂಟೆಗೆ ಸಮುದ್ರತೀರವಿಲ್ಲ, ಉಪ್ಪು ಹಾಕಿದ ಈ ಮೀನು ನೆರೆಯ ಲಿಗೂರಿಯಾ ತೀರದಿಂದ ವ್ಯಾಪಾರಿಗಳ ಮೂಲಕ ಬರುತ್ತಿತ್ತು. ವೆರ್ಚೆಲ್ಲಿ ಬಯಲಿನ ಅಕ್ಕಿಯನ್ನು ಹುರುಳಿಕಾಯಿಯ ಬೀಜಗಳೊಡನೆ ಬೇಯಿಸಿ ಪಾನಿಸ್ಸಾ ಮಾಡುತ್ತಾರೆ. ಗುಡ್ಡದ ಹೇಝಲ್‌ನಟ್ ಸಿಹಿತಿಂಡಿಗಳಿಗೆ ಸೇರುತ್ತದೆ. ಶರತ್ಕಾಲದಲ್ಲಿ ಆಲ್ಬಾದಲ್ಲಿ ನಡೆಯುವ ಬಿಳಿ ಟ್ರಫಲ್ ಎಂಬ ನೆಲದಡಿಯ ಅಣಬೆಯ ಮೇಳಕ್ಕೆ ಬರುವ ಪ್ರವಾಸಿಗರು ಊಟವನ್ನೂ ವೈನನ್ನೂ ಒಟ್ಟಿಗೆ ಅರಸಿ ಬರುತ್ತಾರೆ. ಈ ಗುಡ್ಡಗಳ ದ್ರಾಕ್ಷಿತೋಟಗಳು 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಗಮನಿಸಬೇಕಾದ ಅಂಶಗಳು

ನಮ್ಮ ರಾಜ್ಯದ ಬೆಂಗಳೂರು ಬ್ಲೂ ದ್ರಾಕ್ಷಿ, ಬ್ಯಾಡಗಿ ಮೆಣಸಿನಕಾಯಿ, ನಂಜನಗೂಡು ರಸಬಾಳೆ ಮೊದಲಾದ ಬೆಳೆಗಳಿಗೂ ಭೌಗೋಳಿಕ ಸೂಚಕ ಮಾನ್ಯತೆಯಿದೆ. ಇವುಗಳ ವಿಷಯದಲ್ಲಿ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರು ಪರಿಗಣಿಸಬಹುದಾದ ಅಂಶಗಳು:

• ಮಾನ್ಯತೆಯು ತಾನಾಗಿಯೇ ಬೆಲೆ ತರುವುದಿಲ್ಲ. ಬೆಳೆಗಾರರ ಸಂಘವು ಗುಣಮಟ್ಟವನ್ನು ಕಾಯಬೇಕು.
• ಇಳುವರಿಗಿಂತ ಗುಣಮಟ್ಟಕ್ಕೆ ಹಣ ನೀಡುವ ಪದ್ಧತಿಯನ್ನು ಸಂಘದಲ್ಲಿ ಅಳವಡಿಸಬೇಕು.
• ಭೂಮಿಯ ಇಳಿಜಾರು, ಬಿಸಿಲು, ಮಣ್ಣು ನೋಡಿ ತಳಿಯನ್ನು ಆರಿಸಬೇಕು.
• ಬೆಳೆಯನ್ನು ಊರಿನ ಅಡುಗೆಯೊಂದಿಗೆ ಪರಿಚಯಿಸಿದರೆ ಗ್ರಾಹಕರಲ್ಲಿ ಅದರ ಹೆಸರು ಉಳಿಯುತ್ತದೆ.